ಜನಮನದ ದನಿ ಮೊಹಮ್ಮದ್ ರಫಿ

ಹಿನ್ನೆಲೆ ಗಾಯನವು ಭಾರತೀಯ ಚಲನಚಿತ್ರ ತನಗಾಗಿ ರೂಪಿಸಿಕೊಂಡ ಒಂದು ವಿಶಿಷ್ಟ ಕಲೆ. ಇಲ್ಲಿ ಹಾಡುವವನೊಬ್ಬ, ತುಟಿಯಾಡಿಸುವವನು ಇನ್ನೊಬ್ಬ. ಪರದೆಯ ಮೇಲೆ ಕಾಣುವ ಮುಖ ನಟನದು. ಪ್ರೇಕ್ಷಕರ ಮೊದಲ ಚಪ್ಪಾಳೆಯೂ ಅವನಿಗೇ ಸಲ್ಲುತ್ತದೆ. 1940ರ ದಶಕದ ಅನೇಕ ಗ್ರಾಮಫೋನ್ ತಟ್ಟೆಗಳ ಮೇಲೆ ಗಾಯಕರ ಹೆಸರೂ ಇರುತ್ತಿರಲಿಲ್ಲ. 1949ರ 'ಮಹಲ್' ಚಿತ್ರದ ಪ್ರಸಿದ್ಧ ಗೀತೆಯ ತಟ್ಟೆಯ ಮೇಲೆ ಲತಾ ಮಂಗೇಶ್ಕರರ ಹೆಸರಿನ ಬದಲು ಚಿತ್ರದ ಪಾತ್ರವಾದ ಕಾಮಿನಿಯ ಹೆಸರು ಅಚ್ಚಾಗಿತ್ತು. ಇಂಥ ಅಜ್ಞಾತವಾಸದಿಂದ ಹೊರಬಂದು, ತಾವು ಹಾಡಿದ ನಟರಿಗಿಂತಲೂ ಹೆಚ್ಚು ಕಾಲ ಜನರ ನೆನಪಿನಲ್ಲಿ ಉಳಿದ ಕೆಲವೇ ಗಾಯಕರಲ್ಲಿ ಮೊಹಮ್ಮದ್ ರಫಿ ಒಬ್ಬರು. ಅವರು ಕಾಲವಾಗಿ ನಾಲ್ಕು ದಶಕಗಳು ಸಂದಿವೆ. ಆದರೂ ಅವರ ಅಭಿಮಾನಿಗಳ ಬಳಗ ಕ್ಷೀಣಿಸಿಲ್ಲ. ಅವರು ಬದುಕಿದ್ದಾಗ ಹುಟ್ಟಿರದವರೂ ಇಂದು ಆ ಬಳಗದಲ್ಲಿದ್ದಾರೆ. ಈ ಅಭಿಮಾನ ಹೇಗೆ ಬೆಳೆಯಿತು, ಯಾವ ಪರೀಕ್ಷೆಗಳನ್ನು ಎದುರಿಸಿತು, ಕೊನೆಗೆ ಯಾವುದನ್ನು ನೆಚ್ಚಿ ಉಳಿಯಿತು ಎಂಬುದನ್ನು ಅರಿಯಲು ರಫಿಯವರ ಬದುಕನ್ನೇ ನೋಡಬೇಕಾಗುತ್ತದೆ.

ರಫಿಯವರು ಹುಟ್ಟಿದ್ದು 1924ರ ಡಿಸೆಂಬರ್ 24ರಂದು, ಪಂಜಾಬಿನ ಅಮೃತಸರ ಜಿಲ್ಲೆಯ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ. ಆರು ಮಂದಿ ಸೋದರರಲ್ಲಿ ಅವರು ಎರಡನೆಯವರು. ಮನೆತನದಲ್ಲಿ ಸಂಗೀತದ ಪರಂಪರೆಯೇನೂ ಇರಲಿಲ್ಲ. ಊರಿನ ಬೀದಿಯಲ್ಲಿ ಹಾಡುತ್ತ ಸಾಗುತ್ತಿದ್ದ ಫಕೀರನೊಬ್ಬನನ್ನು ಅನುಕರಿಸುತ್ತ ಬಾಲಕ ಹಾಡಲು ಕಲಿತನೆಂಬುದು ಅವರ ಜೀವನವೃತ್ತಾಂತದಲ್ಲಿ ತಪ್ಪದೆ ಬರುವ ಪ್ರಸಂಗ. 1935ರ ಸುಮಾರಿಗೆ ತಂದೆ ಹಾಜಿ ಅಲಿ ಮೊಹಮ್ಮದರು ಲಾಹೋರಿಗೆ ವಲಸೆ ಹೋಗಿ ಅಲ್ಲಿ ಕ್ಷೌರದಂಗಡಿ ನಡೆಸತೊಡಗಿದರು. ಕುಟುಂಬವೂ ಅಲ್ಲಿಯೇ ನೆಲೆಸಿತು. ಬಾಲಕನ ಕಂಠವನ್ನು ಮೊದಲು ಗುರುತಿಸಿ ಪ್ರೋತ್ಸಾಹಿಸಿದವರು ಹಿರಿಯಣ್ಣನ ಸ್ನೇಹಿತರಾದ ಅಬ್ದುಲ್ ಹಮೀದ್. ಉಸ್ತಾದ್ ಅಬ್ದುಲ್ ವಾಹಿದ್ ಖಾನ್, ಪಂಡಿತ್ ಜೀವನಲಾಲ್ ಮಟ್ಟೂ, ಫಿರೋಜ್ ನಿಜಾಮಿ ಮೊದಲಾದವರ ಬಳಿ ರಫಿಯವರಿಗೆ ಶಾಸ್ತ್ರೀಯ ಸಂಗೀತದ ಶಿಕ್ಷಣ ದೊರೆಯಿತು. ಮುಂದೆ ಎಷ್ಟೇ ಲಘುವಾದ ಗೀತೆಯನ್ನು ಹಾಡಿದರೂ ಅವರ ಸ್ವರ ಜಾರದೆ ನಿಂತದ್ದು ಈ ತಳಹದಿಯಿಂದ.

ಹದಿಮೂರರ ಹರೆಯದಲ್ಲಿ ಅವರು ಲಾಹೋರಿನ ಸಾರ್ವಜನಿಕ ವೇದಿಕೆಯನ್ನು ಏರಿದ ಸಂದರ್ಭವನ್ನು ಅಭಿಮಾನಿಗಳು ಇಂದಿಗೂ ಆಸಕ್ತಿಯಿಂದ ಹೇಳಿಕೊಳ್ಳುತ್ತಾರೆ. ಅಂದಿನ ಕಾರ್ಯಕ್ರಮದ ಮುಖ್ಯ ಗಾಯಕರು ಕೆ. ಎಲ್. ಸೈಗಲ್. ವಿದ್ಯುತ್ತು ಕೈಕೊಟ್ಟುದರಿಂದ ಧ್ವನಿವರ್ಧಕ ನಿಂತುಹೋಯಿತು, ಸೈಗಲ್ ಹಾಡಲು ಒಪ್ಪಲಿಲ್ಲ, ಗದ್ದಲವೆಬ್ಬಿಸಿದ ಸಭಿಕರನ್ನು ಈ ಬಾಲಕನ ದನಿ ಶಾಂತಗೊಳಿಸಿತು ಎಂಬುದು ಆ ಕಥನ. ಸಂಗೀತ ನಿರ್ದೇಶಕ ಶ್ಯಾಮ್ ಸುಂದರ್ ಅವರ ಗಮನ ಸೆಳೆದ ರಫಿಯವರು, ಅವರ ನಿರ್ದೇಶನದಲ್ಲಿ 'ಗುಲ್ ಬಲೋಚ್' ಎಂಬ ಪಂಜಾಬಿ ಚಿತ್ರಕ್ಕಾಗಿ ಜೀನತ್ ಬೇಗಂ ಅವರೊಡನೆ ಯುಗಳಗೀತೆ ಹಾಡಿದರು. ಚಿತ್ರ 1944ರಲ್ಲಿ ತೆರೆಕಂಡಿತು. ಅದೇ ವರ್ಷ ರಫಿಯವರು ಹಮೀದರೊಡನೆ ಮುಂಬಯಿಗೆ ಬಂದರು. ಭೇಂಡಿ ಬಜಾರಿನ ಕಿಕ್ಕಿರಿದ ವಸತಿಯಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆ ಇಬ್ಬರಿಗೂ ಮನೆಯಾಯಿತು. ಊರುಬಿಟ್ಟು ಮುಂಬಯಿ ಸೇರಿ, ಒಂದೇ ಕೋಣೆಯಲ್ಲಿ ಹಲವರೊಡನೆ ದಿನ ಕಳೆದ ಅನುಭವ ಈ ನಗರದ ಕನ್ನಡಿಗರಿಗೂ ಹೊಸತಲ್ಲ.

ಮುಂಬಯಿಯ ಮೊದಲ ವರ್ಷಗಳಲ್ಲಿ ಅವರಿಗೆ ದೊರೆತದ್ದು ಬಹುಪಾಲು ಸಣ್ಣ ಅವಕಾಶಗಳೇ. ನೌಷಾದರ ಸಂಗೀತದ 'ಪೆಹಲೇ ಆಪ್' (1944) ಚಿತ್ರದಲ್ಲಿ ಹಾಡಿದರು. 'ಶಾಹಜಹಾನ್' (1946) ಚಿತ್ರದಲ್ಲಿ ತಮ್ಮ ಆರಾಧ್ಯ ಗಾಯಕ ಸೈಗಲರ ಹಾಡಿಗೆ ಸಮೂಹದಲ್ಲಿ ದನಿಗೂಡಿಸಿದರು. ಒಬ್ಬ ಗಾಯಕನ ಅಭಿಮಾನಿಯಾಗಿದ್ದ ಹುಡುಗ ಆತನ ಹಿಂದೆ ನಿಂತು ನಾಲ್ಕು ಪದ ಹಾಡಿದ ಆ ಗಳಿಗೆಯೂ ಅಭಿಮಾನದ ಇತಿಹಾಸದಲ್ಲಿ ಸೇರಬೇಕಾದದ್ದೇ. 1947ರ ಜನವರಿಯಲ್ಲಿ ಸೈಗಲ್ ತೀರಿಕೊಂಡರು. ಅದೇ ವರ್ಷ ನೂರ್‌ಜಹಾನರೊಡನೆ 'ಜುಗ್ನು' ಚಿತ್ರಕ್ಕೆ ಹಾಡಿದ ಯುಗಳಗೀತೆ ರಫಿಯವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಅಷ್ಟರಲ್ಲಿ ದೇಶ ಇಬ್ಭಾಗವಾಯಿತು. ನೂರ್‌ಜಹಾನ್ ಹಾಗೂ ಆ ಚಿತ್ರದ ಸಂಗೀತ ನಿರ್ದೇಶಕರೂ ರಫಿಯವರ ಗುರುಗಳೂ ಆದ ಫಿರೋಜ್ ನಿಜಾಮಿ ಪಾಕಿಸ್ತಾನಕ್ಕೆ ತೆರಳಿದರು. ಬೆಳೆದ ಊರಾದ ಲಾಹೋರು ಗಡಿಯ ಆಚೆಗೆ ಉಳಿದರೂ ರಫಿಯವರು ಮುಂಬಯಿಯನ್ನೇ ತಮ್ಮ ನೆಲೆಯಾಗಿ ಆರಿಸಿಕೊಂಡರು. 1948ರಲ್ಲಿ ಗಾಂಧೀಜಿಯವರ ಹತ್ಯೆಯಾದಾಗ ರಾಜೇಂದ್ರ ಕೃಷ್ಣರು ಬಾಪೂಜಿಯ ಜೀವನವನ್ನು ಕುರಿತು ರಚಿಸಿದ ಗೀತೆಯನ್ನು ಹುಸ್ನಲಾಲ್-ಭಗತರಾಮ್ ಜೋಡಿಯ ಸಂಗೀತದಲ್ಲಿ ಹಾಡಿದವರು ರಫಿ. ಪ್ರಧಾನಿ ನೆಹರೂ ಅವರು ತಮ್ಮ ನಿವಾಸಕ್ಕೆ ಕರೆಸಿ ಅವರಿಂದ ಹಾಡಿಸಿದರು. ಅದೇ ವರ್ಷದ ಸ್ವಾತಂತ್ರ್ಯೋತ್ಸವದಂದು ಬೆಳ್ಳಿಯ ಪದಕವಿತ್ತು ಗೌರವಿಸಿದರು. ಆಗ ಅವರಿಗೆ ಇಪ್ಪತ್ನಾಲ್ಕು ತುಂಬಿರಲಿಲ್ಲ.

1952ರಲ್ಲಿ ತೆರೆಕಂಡ 'ಬೈಜು ಬಾವ್ರಾ' ಅವರ ಬದುಕಿನ ದೊಡ್ಡ ತಿರುವು. ಆ ಚಿತ್ರದಲ್ಲಿ ಉಸ್ತಾದ್ ಅಮೀರ್ ಖಾನ್, ಪಂಡಿತ್ ಡಿ. ವಿ. ಪಲುಸ್ಕರರಂಥ ಶಾಸ್ತ್ರೀಯ ಗಾಯಕರ ಗಾಯನವೂ ಇತ್ತು. ಅಂಥವರ ಪಕ್ಕದಲ್ಲಿ ರಫಿಯವರ ಹಾಡುಗಳು ಸಪ್ಪೆಯೆನಿಸಲಿಲ್ಲ. ಮಾಲ್‌ಕೌಂಸ್ ರಾಗದಲ್ಲಿರುವ ಅದರ ಭಜನೆ ಇಂದಿಗೂ ದೇವಾಲಯಗಳಲ್ಲಿ, ಉತ್ಸವಗಳಲ್ಲಿ ಕೇಳಿಬರುತ್ತದೆ. ಅದನ್ನು ಬರೆದವರು ಶಕೀಲ್ ಬದಾಯೂನಿ, ರಾಗ ಸಂಯೋಜಿಸಿದವರು ನೌಷಾದ್, ಹಾಡಿದವರು ರಫಿ. ಮೂವರು ಮುಸಲ್ಮಾನ ಕಲಾವಿದರ ಕೃತಿಯೊಂದು ಹರಿಭಕ್ತರ ನಿತ್ಯದ ಪ್ರಾರ್ಥನೆಯಾಯಿತು. ವಿಭಜನೆಯ ಗಾಯ ಇನ್ನೂ ಮಾಯದಿದ್ದ ಆ ದಿನಗಳಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ನಾಲ್ಕು ವರ್ಷಗಳ ತರುವಾಯ, 1956ರಲ್ಲಿ ಬಂದ 'ಬಸಂತ್ ಬಹಾರ್' ಚಿತ್ರವನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ತ. ರಾ. ಸುಬ್ಬರಾಯರ 'ಹಂಸಗೀತೆ' ಕಾದಂಬರಿಯೇ ಆ ಚಿತ್ರಕ್ಕೆ ಮೂಲ. ಚಿತ್ರದುರ್ಗದ ಸಂಗೀತಗಾರನ ಕಥೆ ಹಿಂದಿಗೆ ಹೋದಾಗ ಅದರ ನಾಯಕನಿಗೆ ಶಂಕರ್-ಜೈಕಿಶನ್ ಜೋಡಿಯ ಸಂಗೀತದಲ್ಲಿ ಕಂಠವಿತ್ತವರಲ್ಲಿ ರಫಿಯವರು ಒಬ್ಬರು. ಗದುಗಿನ ಭೀಮಸೇನ ಜೋಶಿಯವರೂ ಮನ್ನಾ ಡೇಯವರೊಡನೆ ಅದರಲ್ಲಿ ಹಾಡಿದರು. ಭಗವಂತನಿಗೆ ಮೊರೆಯಿಡುವ ರಫಿಯವರ ಗೀತೆಗಳು ಆ ಕಥೆಯ ಆಂತರ್ಯವನ್ನು ಹಿಂದಿ ರಸಿಕರಿಗೆ ತಲುಪಿಸಿದವು.

ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ ಪಡುಕೋಣೆಯವರ 'ಪ್ಯಾಸಾ' (1957) ರಫಿಯವರ ಪ್ರತಿಭೆಯ ವ್ಯಾಪ್ತಿಯನ್ನು ಒಂದೇ ಕಡೆ ತೋರಿಸುವ ಚಿತ್ರ. ಲೋಕವನ್ನೇ ಧಿಕ್ಕರಿಸುವ ಕವಿಯ ವೇದನೆಗೂ, ಬೀದಿಯಲ್ಲಿ ತಲೆಗೆ ಎಣ್ಣೆ ತಿಕ್ಕುವ ಜಾನಿ ವಾಕರರ ಹಾಸ್ಯಕ್ಕೂ ಅದರಲ್ಲಿ ಒಂದೇ ಕಂಠ. ಕವಿಗೆ ಹಾಡಿದಾಗ ಆ ದನಿ ಪಿಸುಮಾತಿನಿಂದ ಹೊರಟು ಆಕ್ರೋಶದ ತುದಿಗೇರುತ್ತದೆ. ಎಣ್ಣೆಯವನಿಗೆ ಹಾಡಿದಾಗ ಬೀದಿಯ ಉಲ್ಲಾಸವೇ ಅದರಲ್ಲಿ ಕುಣಿಯುತ್ತದೆ. ಶಮ್ಮೀ ಕಪೂರರಿಗೆ ಅವರ ಮೈಕುಲುಕಿನ ಲಯ, ದಿಲೀಪ್ ಕುಮಾರರಿಗೆ ಗಾಂಭೀರ್ಯ, ದೇವಾನಂದರಿಗೆ ಸುಕುಮಾರ ಲಾಲಿತ್ಯ ಹೀಗೆ ನಟನಿಗೆ ತಕ್ಕಂತೆ ಅವರು ಕಂಠದ ಬಣ್ಣ ಬದಲಿಸುತ್ತಿದ್ದರು. 'ರಾಗಿಣಿ' (1958) ಚಿತ್ರದಲ್ಲಿ ನಟರಾಗಿದ್ದ ಕಿಶೋರ್ ಕುಮಾರರಿಗೇ ಶಾಸ್ತ್ರೀಯ ಛಾಯೆಯ ಗೀತೆಯೊಂದನ್ನು ಹಾಡಿದವರು ರಫಿ. ತನ್ನತನವನ್ನು ಮೆರೆಸದೆ ಪಾತ್ರದೊಳಗೆ ಕರಗುವ ಈ ಗುಣವೇ ಅವರ ಜನಪ್ರಿಯತೆಯ ಮೂಲ. ಪ್ರೇಮಿ, ಭಕ್ತ, ಸೈನಿಕ, ಕುಡುಕ, ವಿರಾಗಿ ಯಾರೇ ಆಗಲಿ, ಆ ದನಿ ತನ್ನದೇ ಎಂದು ಪ್ರತಿಯೊಬ್ಬ ಕೇಳುಗನಿಗೂ ಅನ್ನಿಸುತ್ತಿತ್ತು.

ಈ ದನಿಯನ್ನು ದೂರದೂರುಗಳಿಗೆ ಒಯ್ದದ್ದು ರೇಡಿಯೊ. 1952ರಲ್ಲಿ ವಾರ್ತಾ ಸಚಿವರಾಗಿದ್ದ ಬಿ. ವಿ. ಕೇಸ್ಕರರ ಕಾಲದಲ್ಲಿ ಆಕಾಶವಾಣಿ ಚಲನಚಿತ್ರ ಗೀತೆಗಳಿಗೆ ಬಾಗಿಲು ಮುಚ್ಚಿದಾಗ ಕೇಳುಗರು ರೇಡಿಯೊ ಸಿಲೋನಿನತ್ತ ತಿರುಗಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆ ವರ್ಷವೇ ಆರಂಭವಾಯಿತು. 1957ರಲ್ಲಿ ಆಕಾಶವಾಣಿಯೂ ಮನಸ್ಸು ಬದಲಿಸಿ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಅಂದು ಬಿಹಾರಕ್ಕೆ ಸೇರಿದ್ದ, ಅಭ್ರಕದ ಗಣಿಗಳಿದ್ದ ಝುಮ್ರಿ ತಲೈಯಾ ಎಂಬ ಪುಟ್ಟ ಊರಿನಿಂದ ಮೆಚ್ಚಿನ ಗೀತೆಗಳನ್ನು ಕೋರಿ ಎಷ್ಟು ಕಾಗದಗಳು ಬರುತ್ತಿದ್ದವೆಂದರೆ, ಅಂಥದೊಂದು ಊರು ನಿಜವಾಗಿಯೂ ಇದೆಯೇ ಎಂದು ಕೇಳುಗರು ಶಂಕಿಸುವಂತಾಯಿತು. ಒಂದು ಹಾಡನ್ನು ಮತ್ತೆ ಕೇಳಲು ಅಂಚೆ ಕಾರ್ಡು ಕೊಂಡು ಬರೆದು, ವಾರಗಟ್ಟಲೆ ಕಾದು, ತಮ್ಮ ಹೆಸರಿನೊಡನೆ ಅದು ಮೊಳಗಿದಾಗ ಧನ್ಯರಾಗುತ್ತಿದ್ದ ಅಪರಿಚಿತ ಶ್ರೋತೃಗಳೇ ರಫಿಯವರ ಮೊದಲ ಅಭಿಮಾನಿ ಸಂಘ. ಆ ಸಂಘಕ್ಕೆ ಅಧ್ಯಕ್ಷರಿರಲಿಲ್ಲ, ಚಂದಾ ಇರಲಿಲ್ಲ.

1960ರ ದಶಕ ಅವರ ಕೀರ್ತಿಯ ಶಿಖರ. 'ಚೌದವೀ ಕಾ ಚಾಂದ್' (1960) ಚಿತ್ರಕ್ಕೆ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು. 'ಸಸುರಾಲ್', 'ದೋಸ್ತಿ', 'ಸೂರಜ್', 'ಬ್ರಹ್ಮಚಾರಿ' ಚಿತ್ರಗಳಿಗೂ ಅದೇ ಪುರಸ್ಕಾರ ದೊರೆಯಿತು. 1967ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕಾಗಿ ಸತ್ಯಂ ಅವರ ಸಂಗೀತದಲ್ಲಿ ಅವರು ಕನ್ನಡದ ಗೀತೆಯೊಂದನ್ನು ಹಾಡಿದರು. ಕನ್ನಡ ಬಾರದ ಗಾಯಕನ ಉಚ್ಚಾರಣೆಯಲ್ಲಿ ಅಲ್ಲಲ್ಲಿ ಪರಭಾಷೆಯ ಸೊಗಡು ಕಂಡರೂ, ಅಗಲಿಕೆಯ ನೋವು ಪದದ ಹಂಗಿಲ್ಲದೆ ಕೇಳುಗನನ್ನು ತಟ್ಟುತ್ತದೆ. ಕನ್ನಡಿಗರು ಆ ಹಾಡನ್ನು ಇಂದಿಗೂ ತಮ್ಮ ಮನೆಯ ಆಸ್ತಿಯಂತೆ ಕಾಪಾಡಿಕೊಂಡು ಬಂದಿದ್ದಾರೆ. 'ಭಲೇ ತಮ್ಮುಡು' (1969) ಚಿತ್ರದ ಮೂಲಕ ತೆಲುಗರೂ ಅವರನ್ನು ತಮ್ಮವರೆಂದುಕೊಂಡರು.

ಸ್ವಭಾವತಃ ರಫಿಯವರು ಮಿತಭಾಷಿ. ಮದ್ಯವಾಗಲಿ ರಾತ್ರಿಯ ಕೂಟಗಳಾಗಲಿ ಅವರ ಬಳಿ ಸುಳಿಯಲಿಲ್ಲ. ಹಣವಿಲ್ಲದ ನಿರ್ಮಾಪಕರಿಗೆ, ಹೊಸ ಸಂಗೀತ ನಿರ್ದೇಶಕರಿಗೆ ನೆಪಮಾತ್ರದ ಸಂಭಾವನೆಗೆ ಹಾಡುತ್ತಿದ್ದರು. ನಿಸಾರ್ ಬಜ್ಮಿಯವರಿಗೆ ಒಂದೇ ರೂಪಾಯಿಗೆ ಹಾಡಿದ್ದುಂಟು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿ ತರುಣರಾಗಿದ್ದಾಗ ಅವರಿಗೆ ಒತ್ತಾಸೆಯಾಗಿ ನಿಂತರು. ಮುಂದೆ ಅವರು ಅತಿ ಹೆಚ್ಚು ಗೀತೆಗಳನ್ನು ಹಾಡಿದ್ದು ಈ ಜೋಡಿಯ ಸಂಗೀತದಲ್ಲಿಯೇ. ಅವುಗಳ ಸಂಖ್ಯೆ 350ನ್ನು ಮೀರುತ್ತದೆ.

ಇಂಥ ಔದಾರ್ಯವೇ ಒಮ್ಮೆ ವಿವಾದಕ್ಕೂ ದಾರಿಯಾಯಿತು. 1960ರ ದಶಕದ ಆದಿಯಲ್ಲಿ ಲತಾ ಮಂಗೇಶ್ಕರರು ಗೀತೆಯ ಗಳಿಕೆಯಲ್ಲಿ ಗಾಯಕರಿಗೂ ಪಾಲು ಸಲ್ಲಬೇಕೆಂದು ವಾದಿಸಿದರು. ಸಂಭಾವನೆ ಪಡೆದ ಮೇಲೆ ಗಾಯಕನ ಹಕ್ಕು ಮುಗಿಯಿತೆಂಬುದು ರಫಿಯವರ ನಿಲುವು. ಈ ಭಿನ್ನಾಭಿಪ್ರಾಯದಿಂದ ಇಬ್ಬರೂ ಕೆಲವು ವರ್ಷ ಜೊತೆಯಾಗಿ ಹಾಡಲಿಲ್ಲ. 1967ರ ಸುಮಾರಿಗೆ ಮತ್ತೆ ಒಂದಾದರು. ರಫಿಯವರ ನಿಲುವು ಅವರ ನಿಸ್ಪೃಹತೆಗೆ ಸಾಕ್ಷಿಯೆಂದು ಅಭಿಮಾನಿಗಳು ಕೊಂಡಾಡುವುದುಂಟು. ಆದರೆ ಇಬ್ಬರಲ್ಲಿ ಕಾಲ ಎತ್ತಿಹಿಡಿದದ್ದು ಲತಾ ಅವರ ವಾದವನ್ನು. 2012ರ ಕೃತಿಸ್ವಾಮ್ಯ ತಿದ್ದುಪಡಿ ಕಾಯಿದೆ ಗಾಯಕರಿಗೂ ಗೌರವಧನದ ಹಕ್ಕನ್ನು ನೀಡಿತು. ತನ್ನ ಪಾಲನ್ನು ಬಿಟ್ಟುಕೊಡುವುದು ವ್ಯಕ್ತಿಯ ಹಿರಿಮೆ. ಎಲ್ಲರ ಪಾಲನ್ನೂ ಕೇಳುವುದು ವೃತ್ತಿಯ ಅಗತ್ಯ. ರಫಿಯವರನ್ನು ಪ್ರೀತಿಸುವವರು ಈ ಎರಡನ್ನೂ ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಅಭಿಮಾನದ ನಿಜವಾದ ಪರೀಕ್ಷೆ ನಡೆದದ್ದು 1969ರ ನಂತರ. 'ಆರಾಧನಾ' ಚಿತ್ರ ತೆರೆಕಂಡು ರಾಜೇಶ್ ಖನ್ನಾ ಜನಪ್ರಿಯರಾದಾಗ ಅವರ ದನಿಯಾಗಿ ಕಿಶೋರ್ ಕುಮಾರ್ ನೆಲೆನಿಂತರು. ಆ ಚಿತ್ರದಲ್ಲಿ ರಫಿಯವರ ಯುಗಳಗೀತೆಗಳಿದ್ದರೂ ಜನರ ನಾಲಗೆಯ ಮೇಲೆ ನಿಂತದ್ದು ಕಿಶೋರರ ಹಾಡುಗಳೇ. ಮುಂದಿನ ಕೆಲವು ವರ್ಷ ರಫಿಯವರಿಗೆ ಅವಕಾಶಗಳು ಇಳಿಮುಖವಾದವು. ಚಹದಂಗಡಿಗಳಲ್ಲಿ, ಕಾಲೇಜುಗಳಲ್ಲಿ ರಫಿ ಪಕ್ಷ, ಕಿಶೋರ್ ಪಕ್ಷ ಎಂಬ ಎರಡು ಬಣಗಳೇ ಹುಟ್ಟಿದವು. ಆದರೆ ಗಾಯಕರಿಬ್ಬರ ನಡುವೆ ಆ ವೈರ ಇರಲಿಲ್ಲ. ಈ ಇಳಿಗಾಲದಲ್ಲಿಯೂ ಮದನ್ ಮೋಹನರ ಸಂಗೀತದ 'ಹೀರ್ ರಾಂಝಾ' (1970), ಮದನ್ ಮೋಹನ್ ಮತ್ತು ಜೈದೇವ್ ಸಂಗೀತ ನೀಡಿದ 'ಲೈಲಾ ಮಜ್ನೂ' (1976) ಚಿತ್ರಗಳಲ್ಲಿ ರಫಿಯವರು ಹಾಡಿದ ಗೀತೆಗಳು ಅವರ ಕಂಠ ಕುಂದಿಲ್ಲವೆಂದು ಸಾರಿದವು. 1977ರ 'ಅಮರ್ ಅಕ್ಬರ್ ಆಂಟನಿ' ಚಿತ್ರದಲ್ಲಿ ಒಂದೇ ಗೀತೆಗೆ ರಫಿ, ಕಿಶೋರ್, ಮುಕೇಶ್, ಲತಾ ನಾಲ್ವರೂ ದನಿಗೂಡಿಸಿದರು. ಮುಕೇಶ್ ಅದಕ್ಕೆ ಮುಂಚೆಯೇ, 1976ರಲ್ಲಿ ತೀರಿಕೊಂಡಿದ್ದರು. ಅದೇ ಚಿತ್ರದಲ್ಲಿ ರಫಿಯವರು ಕವ್ವಾಲಿಯನ್ನೂ ಶಿರಡಿಯ ಸಾಯಿಬಾಬಾರ ಸ್ತುತಿಯನ್ನೂ ಹಾಡಿದರು. 'ಹಮ್ ಕಿಸೀಸೇ ಕಮ್ ನಹೀ' (1977) ಚಿತ್ರ ಅವರಿಗೆ ಆರನೆಯ ಫಿಲ್ಮ್‌ಫೇರ್ ಪ್ರಶಸ್ತಿಯನ್ನೂ ರಾಷ್ಟ್ರಪ್ರಶಸ್ತಿಯನ್ನೂ ತಂದಿತು. 'ಸರ್ಗಮ್' (1979), 'ಕರ್ಜ್' (1980) ಚಿತ್ರಗಳ ವೇಳೆಗೆ ಅವರು ಮತ್ತೆ ಮೊದಲ ಸಾಲಿಗೆ ಮರಳಿದ್ದರು. ಗೆದ್ದಾಗ ಜೊತೆಯಿರುವುದು ಸುಲಭ. ಸೋತಾಗಲೂ ಬಿಡದೆ ಜೊತೆನಿಂತ ಕೇಳುಗರ ನಿಷ್ಠೆಗೆ ಈ ಮರಳುವಿಕೆಯೇ ಫಲ.

ಇದೇ ಅವಧಿಯಲ್ಲಿ ಹಾಡುಗಳ ಲೆಕ್ಕದ ಚರ್ಚೆಯೂ ಎದ್ದಿತು. ಜಗತ್ತಿನಲ್ಲಿ ಅತಿ ಹೆಚ್ಚು ಗೀತೆಗಳನ್ನು ಧ್ವನಿಮುದ್ರಿಸಿದವರೆಂದು ಗಿನ್ನೆಸ್ ದಾಖಲೆಯ ಪುಸ್ತಕ 1974ರಲ್ಲಿ ಲತಾ ಅವರನ್ನು ಹೆಸರಿಸಿದಾಗ ರಫಿಯವರು 1977ರಲ್ಲಿ ಪತ್ರ ಬರೆದು ಅದನ್ನು ಪ್ರಶ್ನಿಸಿದರು. ಅವರ ಮರಣಾನಂತರ 1984ರ ಆವೃತ್ತಿಯಲ್ಲಿ ಲತಾ ಅವರ ಹೆಸರಿನೊಡನೆ ರಫಿಯವರ 28,000 ಗೀತೆಗಳ ಹಕ್ಕುಸಾಧನೆಯನ್ನೂ ನಮೂದಿಸಲಾಯಿತು. 1991ರಲ್ಲಿ ಎರಡೂ ನಮೂದುಗಳು ಕೈಬಿಟ್ಟುಹೋದವು. ಮುಂದೆ ಹಳೆಯ ತಟ್ಟೆಗಳನ್ನೂ ಹಾಡಿನ ಪುಸ್ತಿಕೆಗಳನ್ನೂ ಹುಡುಕಿ ಹಾಡಿಗೆ ಹಾಡು ಜೋಡಿಸಿದ ಸಂಗ್ರಾಹಕರ ಶ್ರಮದಿಂದ ನಿಜವಾದ ಮೊತ್ತ ಐದು ಸಾವಿರದ ಆಸುಪಾಸು ಎಂದು ತಿಳಿದುಬಂದಿತು. ಸುಮಾರು ಮೂವತ್ತಾರು ವರ್ಷಗಳ ವೃತ್ತಿಜೀವನಕ್ಕೆ ಇದೇನೂ ಅಲ್ಪವಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಉತ್ಪ್ರೇಕ್ಷೆಯನ್ನು ಬೆಳೆಸಿದ್ದೂ ಅಭಿಮಾನವೇ, ಅದನ್ನು ತಿದ್ದಿದ್ದೂ ಅಭಿಮಾನವೇ. ಒಲವಿಲ್ಲದವನು ಹಳೆಯ ತಟ್ಟೆಗಳ ಧೂಳು ಒರೆಸುತ್ತ ವರ್ಷಗಟ್ಟಲೆ ಕೂರಲಾರ. ಲೆಕ್ಕ ಐದನೆಯ ಒಂದು ಭಾಗಕ್ಕೆ ಇಳಿದ ಮೇಲೂ ರಫಿಯವರ ಸ್ಥಾನ ಕೂದಲೆಳೆಯಷ್ಟೂ ಕದಲಲಿಲ್ಲ.

1980ರ ಜುಲೈ 31, ಗುರುವಾರ. ರಮಜಾನ್ ತಿಂಗಳು. ಅಂದು ರಾತ್ರಿ ಹತ್ತೂವರೆಗೆ ಸ್ವಲ್ಪ ಮುಂಚೆ ರಫಿಯವರು ಹೃದಯಾಘಾತದಿಂದ ಕೊನೆಯುಸಿರೆಳೆದರು. ವಯಸ್ಸು ಐವತ್ತೈದು. ಅವರು ಕೊನೆಯದಾಗಿ ಹಾಡಿದ್ದು, ಮರುವರ್ಷ ತೆರೆಕಂಡ 'ಆಸ್ ಪಾಸ್' ಚಿತ್ರಕ್ಕಾಗಿ, ಲಕ್ಷ್ಮೀಕಾಂತ್-ಪ್ಯಾರೇಲಾಲರ ಸಂಗೀತದಲ್ಲಿ. ಅಂತ್ಯಯಾತ್ರೆಯ ದಿನ ಮುಂಬಯಿಯಲ್ಲಿ ಧಾರಾಕಾರ ಮಳೆ. ಆ ಮಳೆಯಲ್ಲಿಯೇ ಹತ್ತು ಸಾವಿರಕ್ಕೂ ಮೀರಿದ ಜನ ಶವಯಾತ್ರೆಯಲ್ಲಿ ನಡೆದರು. ಸರಕಾರ ಎರಡು ದಿನಗಳ ಶೋಕವನ್ನು ಘೋಷಿಸಿತು. ಜುಹೂವಿನ ಮುಸ್ಲಿಂ ಸ್ಮಶಾನದಲ್ಲಿ ಅವರನ್ನು ಮಣ್ಣುಮಾಡಲಾಯಿತು.

ಅವರು ಬಿಟ್ಟುಹೋದ ಜಾಗವನ್ನು ತುಂಬಲು ಚಿತ್ರೋದ್ಯಮ ಅವರದೇ ಛಾಯೆಯ ಕಂಠಗಳನ್ನು ಅರಸಿತು. ಶಬ್ಬೀರ್ ಕುಮಾರ್, ಮೊಹಮ್ಮದ್ ಅಜೀಜ್ ಮೊದಲಾದವರು ಆ ದಾರಿಯಲ್ಲಿ ಬಂದವರು. ರಫಿಯವರ ಗೀತೆಗಳನ್ನು ಹಾಡುತ್ತಲೇ ಹೆಸರು ಗಳಿಸಿದ ಸೋನು ನಿಗಮ್ ಮುಂದೆ ತಮ್ಮದೇ ದಾರಿ ಕಂಡುಕೊಂಡರು. ಬಾಂದ್ರಾದ ಚೌಕವೊಂದಕ್ಕೆ ರಫಿಯವರ ಹೆಸರಿಡಲಾಗಿದೆ. 2003ರಲ್ಲಿ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. 2024ರಲ್ಲಿ ದೇಶದ ಹಲವೆಡೆ ಅವರ ಜನ್ಮಶತಮಾನೋತ್ಸವ ನಡೆಯಿತು. ಆದರೆ ಸಂಸ್ಥೆಗಳು ನೀಡಿದ ಈ ಗೌರವಗಳಿಗಿಂತ ಹಿರಿದಾದ ಸ್ಮಾರಕವೊಂದು ಜುಹೂವಿನಲ್ಲಿಯೇ ಇದೆ.

ಮುಂಬಯಿಯಲ್ಲಿ ಬದುಕಿರುವವರಿಗೆ ಮಾತ್ರವಲ್ಲ, ಸತ್ತವರಿಗೂ ಸ್ಥಳದ ಅಭಾವ. 2010ರಲ್ಲಿ ಹೊಸ ಶವಸಂಸ್ಕಾರಗಳಿಗೆ ಜಾಗ ಮಾಡುವ ಸಲುವಾಗಿ ಆ ಸ್ಮಶಾನದ ಅನೇಕ ಹಳೆಯ ಗೋರಿಗಳನ್ನು ತೆಗೆಯಲಾಯಿತು. ಮಧುಬಾಲಾರ ಗೋರಿಯೊಡನೆ ರಫಿಯವರ ಗೋರಿಯೂ ಹೋಯಿತು. ಕಲ್ಲಿಲ್ಲ, ಹೆಸರಿಲ್ಲ, ಮುಗಿಲಿನ ಕೆಳಗೆ ಬರಿಯ ಮಣ್ಣು. ಆದರೂ ವರ್ಷಕ್ಕೆ ಎರಡು ಬಾರಿ, ಅವರ ಹುಟ್ಟಿದ ದಿನದಂದೂ ತೀರಿಕೊಂಡ ದಿನದಂದೂ, ಅಭಿಮಾನಿಗಳು ಅಲ್ಲಿಗೆ ಬರುತ್ತಾರೆ. ಗೋರಿಯಿದ್ದ ಜಾಗಕ್ಕೆ ಅತಿ ಸಮೀಪದಲ್ಲಿರುವ ಒಂದು ತೆಂಗಿನಮರವೇ ಅವರಿಗೆ ಗುರುತು. ಬದುಕಿದ್ದಾಗ ಪರದೆಯ ಹಿಂದೆ ನಿಂತು ಹಾಡಿದ ಗಾಯಕ, ಮಣ್ಣಿನಲ್ಲಿಯೂ ಹೀಗೆ ಮರೆಯಾಗಿಯೇ ಉಳಿದಿದ್ದಾರೆ. ಮುಖ ಕಾಣದಿದ್ದ ದಿನಗಳಲ್ಲಿ ದನಿಯಿಂದಲೇ ಅವರನ್ನು ಗುರುತಿಸಿದ ಜನ, ಗೋರಿ ಕಾಣದ ಈ ದಿನಗಳಲ್ಲಿ ಮರದಿಂದ ಗುರುತಿಸುತ್ತಿದ್ದಾರೆ. ಪ್ರಶಸ್ತಿ, ಪಟ್ಟಿ, ಅಂಕಿಸಂಖ್ಯೆ, ಕೊನೆಗೆ ಸಮಾಧಿ ಇವುಗಳಲ್ಲಿ ಯಾವುದನ್ನೂ ನೆಚ್ಚದೆ ಉಳಿದ ಈ ಅಭಿಮಾನವೇ ಮೊಹಮ್ಮದ್ ರಫಿಯವರ ನಿಜವಾದ ಗಳಿಕೆ.